ಜೋರು ಸೈಲೆನ್ಸರೂ ಕುಂಬಳಕಾಯಿ ಹೆಲ್ಮೆಟ್ಟೂ

ಲೋ ಗುಡುಗಪ್ಪಾ,

ಸಿಂಕಿನಲ್ಲಿರುವ ಸೀದ ಕುಕ್ಕರ್ ನಿನ್ನ ಪಾಲಿನದು. ಉಜ್ಜಿಡು. ನಿನ್ನ ಬೈಕಿನ ಕಾಟ ತಡೆಯಲಾರದೆ ಅಮ್ಮ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದಳು. ಕುಕ್ಕರ್ ಎಷ್ಟು ಕೂಗಿದರೂ ಕೇಳಿಸಲಿಲ್ಲ.

ಪಕ್ಕದ ಮನೆಯ ಮಗು ಈಗಷ್ಟೇ ಮಲಗಿದೆ. ಗಾಡಿಯನ್ನು ಬೀದಿಯ ಕೊನೆಯವರೆಗೂ ತಳ್ಳಿಕೊಂಡು ಹೋಗು. ಹೊಟ್ಟೆಯೂ ಸ್ವಲ್ಪ ಕರಗಲಿ.

"ಸೈಲೆನ್ಸರ್ ಜೋರಾಗಿದ್ರೆ ಜೀವಕ್ಕೆ ಸೇಫು ಅಕ್ಕಾ, ದೂರದಿಂದ್ಲೇ ಎಲ್ರಿಗೂ ಗೊತ್ತಾಗತ್ತೆ" ಅಂತ ಭಾಷಣ ಬಿಗಿಯುತ್ತೀಯಲ್ಲ, ಆ ಎಲ್ಲರಲ್ಲಿ ಬಸ್ ಓಡಿಸುವ ನಿನ್ನ ಅಕ್ಕನೂ ಇದ್ದಾಳೋ ಇಲ್ಲವೋ? ನಿನ್ನೆ ಸಂಜೆ ಆಸ್ಪತ್ರೆಯ ತಿರುವಿನಲ್ಲಿ ನನ್ನ ಬಸ್ಸಿನ ಎಡಕ್ಕೆ ನುಸುಳಿದ ಮಹಾಶಯ ನೀನೇ. ನಿನ್ನ ಗುಡುಗು ನನಗೆ ಕೇಳಿಸಿದ್ದು ನೀನು ನನ್ನನ್ನು ದಾಟಿ ಹೋದ ಮೇಲೆ. ಹಿಂದಕ್ಕೆ ಬಾಯಿ ತೆರೆದ ಕೊಳವೆ ಮುಂದಿರುವವರಿಗೆ ಏನು ಹೇಳೀತು, ಮಣ್ಣು?

ಸ್ಟಿಯರಿಂಗ್ ಎಡಕ್ಕೇ ತಿರುಗಿಸುತ್ತಿದ್ದೆ. ಕನ್ನಡಿಯಲ್ಲಿ ಹಳದಿ ಕಂಡಿತು. ಬ್ರೇಕ್ ತುಳಿದೆ. ಬಸ್ಸಿನಲ್ಲಿದ್ದವರೆಲ್ಲ ನನಗೇ ಬೈದರು. ಆ ಹಳದಿ ತಿರುವು ದಾಟುವವರೆಗೂ ನಾನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

ಆ ಹಳದಿ ಅಮ್ಮ ಕೊಡಿಸಿದ ಹೆಲ್ಮೆಟ್ಟಿನದು. ನೀನು ಕುಂಬಳಕಾಯಿ ಅಂತ ಆಡಿಕೊಳ್ಳುತ್ತೀಯಲ್ಲ, ಅದೇ.

ಹಳೆಯ ಸೈಲೆನ್ಸರ್ ನಿನ್ನ ಮಂಚದ ಕೆಳಗಿದೆ. ಇವತ್ತೇ ಮೆಕ್ಯಾನಿಕ್ ಹತ್ತಿರ ಹೋಗಿ ಹಾಕಿಸು.

ಅಮ್ಮನಿಗೆ ಏನೂ ಹೇಳಿಲ್ಲ. ಓದಿದ ಮೇಲೆ ಚೀಟಿ ಹರಿದು ಹಾಕು.

ಕುಂಬಳಕಾಯಿಯನ್ನು ಚೆನ್ನಾಗಿ ಒರೆಸಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ. ಇವತ್ತೂ ನನ್ನದು ಅದೇ ರೂಟು.

ಅಕ್ಕ