ಹುರುಳಿ ಅಡ್ಡಿಯಲ್ಲ ಎಂದು ಬರೆದವಳು

ಹುಳಿಯಾರು, ೨೧೩೧ ಜನವರಿ ೧೫

ಪ್ರಿಯ ವಾಗ್ದೇವಿ ಅಜ್ಜಿ,

ಒಂದು ಮಾತನ್ನು ಬರೆಯದೆಯೇ ಈ ಕಾಗದ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಅದನ್ನೇ ಮೊದಲು ಬರೆಯುತ್ತೇನೆ: ಕೆಂಚಕ್ಕ ಎನ್ನುವವರ ಕಾಲು ಹೋದದ್ದು ನಾನು ಕೊಟ್ಟ ಒಂದು ಉತ್ತರದಿಂದ.

ನಾನು ಸುನೀತಿ, ನಿಮ್ಮ ಮರಿಮಗಳ ಮಗಳು. ಇದು ತಲುಪುವಾಗ ನಿಮಗೂ ನನ್ನಷ್ಟೇ, ನಲವತ್ತೈದು ವಯಸ್ಸು. ಅಜ್ಜಿ ಎಂದದ್ದಕ್ಕೆ ಕ್ಷಮಿಸಿ. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದವಳು, ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಅದನ್ನೂ ಮನ್ನಿಸಿ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಕೆಲಸ ತಡೆಗಣ್ಣಿನದು; ತಡೆಗಣ್ಣು ಎಂದರೆ ಎದುರಿಗೆ ಏನಾದರೂ ಬಂದಾಗ ಕಾರಿಗೆ ತಾನೇ ಬ್ರೇಕ್ ಹಾಕುವ ಸಾಧನ. ನಿಮ್ಮ ಹೊಸ ಕಾರಿನಲ್ಲೂ ಅದರ ಮೊದಲ ರೂಪ ಇದೆ. "ಸುಮ್ಮಸುಮ್ಮನೆ ಬ್ರೇಕ್ ಹಾಕುತ್ತೆ, ಆಫ್ ಮಾಡಿಸಬೇಕು" ಎಂದು ನೀವು ಕಾರಿನ ಪುಸ್ತಕದ ಅಂಚಿನಲ್ಲಿ ಬರೆದದ್ದು ನಮ್ಮ ಮನೆಯಲ್ಲಿದೆ. ಅದಕ್ಕೇ ನನ್ನ ಆ ಒಂದೇ ಕಾಗದ ನಿಮಗೆ.

ನಮ್ಮ ಕಾಲದ ತಡೆಗಣ್ಣನ್ನು ಬಹುಮಟ್ಟಿಗೆ ನಂಬಬಹುದು. ಬಸ್ಸಿನ ಮರೆಯಿಂದ ಯಾರಾದರೂ ದಾಟಿದರೆ, ಎಮ್ಮೆ ಅಡ್ಡ ಬಂದರೆ ಗಾಡಿ ನಿಲ್ಲುತ್ತದೆ. ಸಂಜೆ ಬಿಸಿಲು ಎದುರಿಗಿದ್ದಾಗ, ಧೂಳೆದ್ದಾಗ ತಡವರಿಸುತ್ತದೆ. ಅದು ಬ್ರೇಕ್ ಹಾಕಿದ ಪ್ರತಿ ಸಲದ ಚಿತ್ರ ನಮ್ಮ ಕಚೇರಿಗೆ ಬರುತ್ತದೆ. ಬೇಕಿತ್ತೇ, ಬೇಡವಾಗಿತ್ತೇ ಎಂದು ಉತ್ತರಿಸುವುದು ನನ್ನ ಕೆಲಸ. ಆ ಉತ್ತರದಿಂದ ಅದು ಕಲಿಯುತ್ತದೆ. ದಿನಕ್ಕೆ ಸಾವಿರ ಚಿತ್ರ, ಹದಿನೆಂಟು ವರ್ಷ. ಈಗ ಊಟದ ತಟ್ಟೆ ನೋಡಿದರೂ ಬೇಕೇ, ಬೇಡವೇ ಎನ್ನಿಸುತ್ತದೆ.

ನಮ್ಮ ಕಡೆ ಇನ್ನೂ ಹುರುಳಿ ಗಿಡ ಕಿತ್ತು ತಂದು ರಸ್ತೆಯ ಮೇಲೆ ಹರಡುತ್ತಾರೆ. ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡಬೇಕು. ಹೋದ ವರ್ಷದ ಸುಗ್ಗಿಯಲ್ಲಿ ತಡೆಗಣ್ಣು ಪ್ರತಿ ರಾಶಿಗೂ ಗಕ್ಕನೆ ನಿಲ್ಲಿಸುತ್ತಿತ್ತು. ಹಿಂದಿನಿಂದ ಬೈಕುಗಳು ಬಂದು ಗುದ್ದಿದವು. ದೂರುಗಳು ಬಂದವು, ಜನ ಅದನ್ನು ಆಫ್ ಮಾಡತೊಡಗಿದರು. "ಹುರುಳಿ ಅಡ್ಡಿಯಲ್ಲ" ಎಂದು ಆ ಚಿತ್ರಗಳಿಗೆ ನಾನು ಉತ್ತರ ಬರೆದೆ. ರಾಶಿಯೊಳಗೆ ಯಾರಾದರೂ ಕೂತಿರಬಹುದೆಂದು ಆಗ ಹೊಳೆದಿತ್ತೇ? ಹೊಳೆದಿತ್ತು ಎಂದೇ ನನ್ನ ಅನುಮಾನ. ಅವತ್ತು ದಣಿದಿದ್ದೆ.

ಕಳೆದ ತಿಂಗಳು ಕೆಂಚಕ್ಕ ಗಿಡ ಮಗುಚಿ ಸುಸ್ತಾಗಿ, ಬಿಸಿಲಿಗೆ ನಾಲ್ಕು ಗಿಡ ತಲೆಯ ಮೇಲೆ ಹೊದ್ದು, ರಾಶಿಯಲ್ಲೇ ಕಾಲು ಚಾಚಿ ಕೂತಿದ್ದರು. ಗಾಡಿ ನಿಲ್ಲಲಿಲ್ಲ. ಓಡಿಸುತ್ತಿದ್ದವರ ಕಾಲು ಬ್ರೇಕಿನ ಹತ್ತಿರವೂ ಇರಲಿಲ್ಲ; ಈಗ ಯಾರದ್ದೂ ಇರುವುದಿಲ್ಲ.

ಆಸ್ಪತ್ರೆಗೆ ಹೋಗಿ, ಯಾರೆಂದು ಹೇಳದೆ ಅವರ ಪಕ್ಕ ಕೂತೆ. "ಗಾಡಿ ಬರೋದು ಕಂಡೆ ಕಣವ್ವ, ಎದ್ದೇಳ್ಲಿಲ್ಲ. ಹುಟ್ದಾಗಿಂದ ಗಾಡಿ ತಾನೇ ನಿಂತ್ಕಂಡಿದ್ದೇ ನೋಡಿರೋದು," ಎಂದರು. ಆಮೇಲೆ ನಕ್ಕರು. "ಹುರುಳಿ ಮಾತ್ರ ಚೆನ್ನಾಗ್ ಒಕ್ತು ಬಿಡು."

ಇದೇ ಹತ್ತೊಂಬತ್ತಕ್ಕೆ ವಿಚಾರಣೆ. "ತಡೆಗಣ್ಣು ತಪ್ಪು ಮಾಡ್ತು ಅಂತ ಬರೆದ್ರೆ ಮುಗೀತು ಮೇಡಂ," ಎಂದ ಸಹೋದ್ಯೋಗಿ ಪಂಚಾಕ್ಷರಿ. "ಅದಕ್ಕೇನು ಮನೆ ಮಠ ಇದ್ಯಾ, ಕೆಲಸ ಹೋಗೋಕೆ?" ಆದರೆ ಉತ್ತರ ಕೊಟ್ಟವರೇ ತಪ್ಪೊಪ್ಪಿಕೊಂಡರೆ ಮಾತ್ರ ಆ ಉತ್ತರವನ್ನು ಹಿಂದಕ್ಕೆ ಪಡೆಯುತ್ತಾರೆ. ಇಲ್ಲದಿದ್ದರೆ ಅದು ಎಲ್ಲ ಗಾಡಿಗಳಲ್ಲೂ ಹಾಗೆಯೇ ಉಳಿಯುತ್ತದೆ, ಒಕ್ಕಣೆ ಇನ್ನೂ ಒಂದು ತಿಂಗಳಿದೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಬೇರೆ ಕೆಲಸ ನನಗೆ ಬರುವುದಿಲ್ಲ.

ಅಜ್ಜಿ, ಅದನ್ನು ಆಫ್ ಮಾಡಿಸಬೇಡಿ. ಅದು ಇರಲಿ, ನಿಮ್ಮ ಕಾಲೂ ಬ್ರೇಕಿನ ಹತ್ತಿರವೇ ಇರಲಿ. ಸುಮ್ಮನೆ ನಿಲ್ಲಿಸಿತು ಎಂದು ರೇಗಿದಾಗ ಒಂದು ಸಲ ಇಳಿದು ನೋಡಿ. ನಾನು ಕುರ್ಚಿಯಲ್ಲಿ ಕೂತು ನೋಡಿದವಳು, ಒಂದು ಸಲವೂ ಇಳಿಯಲಿಲ್ಲ.

ವಿಚಾರಣೆ ಮುಗಿಯಲಿ ಎಂದು ಕಾದರೆ, ಬಾಯಿ ಬಿಡದೆ ಬಂದು ಇದನ್ನು ಹರಿದುಹಾಕುತ್ತೇನೇನೋ. ನನ್ನನ್ನು ನಾನು ಅಷ್ಟು ಬಲ್ಲೆ. ಒಬ್ಬರಿಗಾದರೂ ಹೇಳಿಯಾಗಿದೆ ಎಂದಿದ್ದರೆ ಅಲ್ಲಿ ಎದ್ದು ನಿಂತು ಹೇಳಲು ಆದೀತು. ಹಾಗಾಗಿ ಹಿಂದಿನ ದಿನವೇ ಅಂಚೆಗೆ ಹಾಕುತ್ತೇನೆ: ೨೧೩೧ ಜನವರಿ ೧೮.