ಕಲ್ಲಿನ ಕೆಳಗೆ ನೀನಿರಲಿಲ್ಲ

ಪ್ರೀತಿಯ ಓಪಲ್,

ಈಗ ನಿನ್ನನ್ನು ಯಾವ ಹೆಸರಿನಿಂದ ಕರೆಯುತ್ತಾರೋ ಗೊತ್ತಿಲ್ಲ. ನಾನು ನಿನ್ನ ಅಕ್ಕ, ನೆಲ್ಡಾ. ಮಂಗಳವಾರದವರೆಗೂ ನೀನು ನಮ್ಮ ಮನೆಯ ಹಿಂದಿನ ದಿಬ್ಬದಲ್ಲಿ, ಹೆಸರಿಲ್ಲದ ಒಂದು ಕಲ್ಲಿನ ಕೆಳಗೆ ಮಲಗಿದ್ದೆ. ಪ್ರತಿ ಮೇ ತಿಂಗಳು, ಗೋರಿಗಳಿಗೆ ಹೂವಿಡುವ ಭಾನುವಾರ, ಮೊದಲ ಕಾಗದದ ಹೂವು ನಿನಗೇ. ಅಮ್ಮ ಮಾತ್ರ ಆ ಕಲ್ಲಿನ ಹತ್ತಿರ ಬರುತ್ತಿರಲಿಲ್ಲ. ಸಂಕಟ ತಡೆಯಲಾರಳು ಅಂದುಕೊಂಡಿದ್ದೆ.

ಆ ದಿನ ಉತ್ತರ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳ ಹಳೆಯ ಗಡಿಯನ್ನು ಹುಡುಕಿಕೊಂಡು ಸರ್ವೆಯವರು ಬಂದರು. ಹಿಂದಿನವರು ಗುರುತು ಕೆತ್ತಿದ್ದ ಮರಗಳೆಲ್ಲ ಯಾವಾಗಲೋ ಉರುಳಿವೆ. ಟೆಡರ್ ಎಂಬ ಹಿರಿಯ ನಿನ್ನ ಕಲ್ಲಿನ ಪಾಚಿ ಕೆರೆದು, "ಇದು ಗಡಿಕಲ್ಲಿನ ಹಾಗಿದೆಯಲ್ಲಮ್ಮಾ" ಅಂದ.

"ಅದು ನನ್ನ ತಂಗಿ ಕಣಪ್ಪಾ. ಮುಟ್ಟಬೇಡ."

ಆ ಕಾಲದವರು ಗಡಿಕಲ್ಲಿನ ಬುಡಕ್ಕೆ ಇದ್ದಿಲು ಸುರಿಯುತ್ತಿದ್ದರಂತೆ. ಅದು ಕೊಳೆಯುವುದಿಲ್ಲ. ಇದ್ದಿಲಿದ್ದರೆ ಕಲ್ಲು ಕದಲಿಲ್ಲ ಎಂದರ್ಥ. ಬೇಡಿಕೊಂಡ, ಒಪ್ಪಿದೆ. ನಿನ್ನನ್ನು ತಾಕಬಾರದೆಂದು ಮೊದಲು ಕಬ್ಬಿಣದ ಸರಳು ಚುಚ್ಚಿ ನೋಡಿದ. ಒಮ್ಮೆ ಅಗೆದು ಮುಚ್ಚಿದ ನೆಲ ಎಷ್ಟು ವರ್ಷವಾದರೂ ಮೆತ್ತಗಿರುತ್ತದಂತೆ. ಎಲ್ಲಿ ಚುಚ್ಚಿದರೂ ಸರಳು ಇಳಿಯಲಿಲ್ಲ. ಬುಡ ಕೆದಕಿದರೆ ಇದ್ದಿಲು, ಈಗ ತಾನೇ ಒಲೆಯಿಂದ ತೆಗೆದಷ್ಟು ಕಪ್ಪಗೆ. ಆತ ಟೋಪಿ ತೆಗೆದ.

"ತಪ್ಪು ತಿಳ್ಕೋಬೇಡಿ ಅಮ್ಮಾ. ಇಲ್ಲಿ ಯಾರನ್ನೂ ಹೂಳಿಲ್ಲ."

ದಿಬ್ಬ ಇಳಿದದ್ದು ಹೇಗೋ ನೆನಪಿಲ್ಲ. ಅಮ್ಮ ಜಗಲಿಯಲ್ಲಿ ಬೀನ್ಸ್ ಸುಲಿಯುತ್ತಿದ್ದಳು.

"ಅಮ್ಮಾ, ಓಪಲ್ ಎಲ್ಲಿ?"

ಕೈ ನಿಂತಿತು. "ಅಗೆದ್ರಾ?"

ಆಮೇಲೆ ಹೇಳಿದಳು. "ನಿಮ್ಮಪ್ಪನ ಎದೆ ತುಂಬ ಮಿಲ್ಲಿನ ಹತ್ತಿ ಧೂಳು. ನನಗೆ ಹಾಲಿಲ್ಲ. ನಿನ್ನನ್ನ ಅಜ್ಜಿ ಮನೆಗೆ ಕಳಿಸಿದ್ವಿ. ದಕ್ಷಿಣದ ಗ್ಯಾಡಿ ಅನ್ನೋರು, ಪೀಚ್ ತೋಟದೋರು, ಮಕ್ಕಳಿರಲಿಲ್ಲ. ಓಪಲ್‌ನ ಅವರ ಕೈಗೆ ಕೊಟ್ವಿ. ಯಾವತ್ತೂ ಗಡಿ ದಾಟಿ ಬರಲ್ಲ ಅಂತ ಬೈಬಲ್ ಮುಟ್ಟಿಸಿ ಆಣೆ ಹಾಕಿಸ್ಕೊಂಡ್ರು. ಊರಿಗೆ, ಕೊಟ್ಟೆ ಅನ್ನೋಕೆ ನಾಲಿಗೆ ಬರಲಿಲ್ಲ ಕಣೇ. ಸತ್ತಳು ಅಂದೆ. ಆ ಕಲ್ಲು ಮೊದಲೇ ನಿಂತಿತ್ತು, ಅದನ್ನೇ ಗೋರಿ ಅಂದೆ."

"ಮತ್ತೆ ನಾನಿಟ್ಟ ಹೂವು?"

"ಬೇಡ ಅನ್ನೋಕೆ ಆಗ್ತಿತ್ತಾ?"

ನಿನ್ನೆ ಟೆಡರ್ ಗೆರೆ ತೋರಿಸಿದ. ಅದು ಆ ಕಲ್ಲಿನ ಮೇಲೇ ಹೋಗುತ್ತದೆ. ಕಲ್ಲಿನ ದಕ್ಷಿಣಕ್ಕೆ, ದಿಬ್ಬದ ಕೆಳಗಿರುವ ನಮ್ಮ ಮನೆ ಮೊದಲಿನಿಂದಲೂ ದಕ್ಷಿಣದ್ದೇ; ನಾವೇ ಉತ್ತರದವರು ಅಂದುಕೊಂಡು ಬದುಕಿದೆವು. ನೆರೆಯವರು ತೆರಿಗೆ, ಶಾಲೆ ಅಂತ ಕೂಗಾಡುತ್ತಿದ್ದಾರೆ. ನಾನು ಅಮ್ಮನಿಗೆ ಹೇಳಿದೆ. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ಅಂದ್ರೆ ಮಧ್ಯ ಗಡಿನೇ ಇರಲಿಲ್ಲವಾ? ನಾನು ಹೋಗಿ ನೋಡಬಹುದಿತ್ತಾ?"

ಓಪಲ್, ಗ್ಯಾಡಿ ಎಂಬ ಹೆಸರಿರುವ ಪ್ರತಿ ವಿಳಾಸಕ್ಕೂ ಈ ಪತ್ರ ಹಾಕುತ್ತಿದ್ದೇನೆ. ಅಮ್ಮ ಇನ್ನೂ ಇದ್ದಾಳೆ. ಬೆಳಿಗ್ಗೆಯಿಂದ ಒಳ್ಳೆಯ ಬಟ್ಟೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಾಳೆ. ಈ ವರ್ಷದ ಹೂವನ್ನು ದಿಬ್ಬಕ್ಕೆ ಒಯ್ಯಲಿಲ್ಲ, ಮೇಜಿನ ಮೇಲಿಟ್ಟಿದ್ದೇನೆ.

ದೇವರು ನಿನ್ನನ್ನು ಇಷ್ಟು ದಿನ ಬದುಕಿಸಿರಲಿ, ಇನ್ನೂ ಬಹುಕಾಲ ಬಾಳಿಸಲಿ.

ನಿನ್ನ ಅಕ್ಕ,
ನೆಲ್ಡಾ