ಮಗಳು ಏನು ಕೆಡಿಸಿದಳೆಂದು ನಾವು ಕೇಳಲಿಲ್ಲ

ಮರವಂತೆ
೧೬ ನವೆಂಬರ್ ೨೦೦೩, ಭಾನುವಾರ

ಪ್ರೀತಿಯ ಅನಿಷಾ,

ಹೇಗಿದ್ದೀ ಮಗಾ? ಪ್ರಫುಲ್ಲಾ ಚಿಕ್ಕಮ್ಮನ ಮನೆಯ ಊಟ ಒಗ್ಗಿತೇ? ವಿಮಾನದಲ್ಲಿ ನಿಂತು ನಿಂತು ಬರುತ್ತಿದ್ದ ಕಾಲುನೋವು ಈಗ ಕಡಿಮೆಯೇ ಎಂದು ಕೇಳಹೊರಟಿದ್ದೆ; ಅಮಾನತಾದವಳ ಹತ್ತಿರ ಹಾಗೆ ಕೇಳಬಾರದೇನೋ. ಇಲ್ಲಿ ನಾವು ಆರೋಗ್ಯ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಹಾಲಯದ ಹೊತ್ತಿಗೆ ನಿಮ್ಮ ಕಂಪೆನಿಯವನೊಬ್ಬ ಅಪ್ಪಯ್ಯನಿಗೆ ಫೋನ್ ಮಾಡಿ, ನಿಮ್ಮ ಮಗಳು ಬೇರೆ ಹುಡುಗಿಯರನ್ನು ಕೆಡಿಸುತ್ತಿದ್ದಾಳೆ, ಅದಕ್ಕೇ ಅಮಾನತು ಮಾಡಿದ್ದೇವೆ ಎಂದನಂತೆ. ಗಗನಸಖಿಯರ ಬಗ್ಗೆ ಊರಿನವರು ಆಡುವ ಮಾತು ನಿನಗೆ ಗೊತ್ತಲ್ಲ. ಅಪ್ಪಯ್ಯ ಅದನ್ನೇ ಎಣಿಸಿಕೊಂಡರು. ಜ್ವರ ಬಂದವರ ಹಾಗೆ ಹೊದ್ದು ಮಲಗಿದರು. ನಾನಾದರೂ ಏನು ಕೆಡಿಸಿದ್ದು ಎಂದು ಕೇಳಬೇಕಿತ್ತು, ಕೇಳಲಿಲ್ಲ. ನೀನು ಫೋನಿನಲ್ಲಿ, ಅಮ್ಮ ಇದು ಯೂನಿಯನ್ ವಿಷಯ ಎಂದಾಗ ಅದೂ ಒಂದು ನೆಪವೆಂದುಕೊಂಡು ರಿಸೀವರ್ ಇಟ್ಟೆ. ಹೆತ್ತವಳೇ ಹಾಗೆ ಮಾಡಿದ ಮೇಲೆ ಕಂಪೆನಿಯವರನ್ನು ದೂರಿ ಏನು?

ನಿನ್ನೆ ಬ್ರಹ್ಮಾವರದಿಂದ ಗಂಡಿನ ಕಡೆಯವರು ಮಾತುಕತೆಗೆ ಬಂದಿದ್ದರು. ನಿನ್ನನ್ನು ಕೇಳದೇ ಕರೆಸಿದ್ದು, ಅದು ಇನ್ನೊಂದು ತಪ್ಪು. ಕೆಲಸ ನೀನೇ ಬಿಟ್ಟೆ ಎಂದು ಅಪ್ಪಯ್ಯ ಅವರಿಗೆ ಹೇಳುತ್ತಿದ್ದ ಹೊತ್ತಿಗೇ ಗೇಟಿನ ಹತ್ತಿರ ಒಬ್ಬ ಬಸುರಿ ಹುಡುಗಿ ಬಂದು ಅನಿಷಕ್ಕನ ಮನೆ ಇದೇಯಾ ಎಂದು ಕೇಳಿದಳು. ನಿನ್ನ ಒಟ್ಟಿಗೆ ವಿಮಾನದಲ್ಲಿ ಕೆಲಸ ಮಾಡುವವಳಂತೆ. ಅಪ್ಪಯ್ಯ ಅಂಗಳಕ್ಕೆ ಇಳಿದು ತಗ್ಗಿದ ದನಿಯಲ್ಲಿ, “ಆ ಹೆಸ್ರಿನೋರ್ ಇಲ್ಲಿ ಯಾರೂ ಇಲ್ಲೆ, ನಿಮ್ಗ್ ಮನಿ ತಪ್ಪಿತ್ತ್” ಎಂದು ಕಳಿಸಿಬಿಟ್ಟರು. ನಾನು ಬಾಗಿಲ ಸಂದಿಯಲ್ಲಿ ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದೆ. ಬದುಕಿರುವ ಮಗಳನ್ನು ಇಲ್ಲವೆಂದದ್ದು ಕಿವಿಗೆ ಬಿತ್ತು, ಆದರೂ ನಾನು ಒಳಗೆ ಹೋಗಿ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದೆ ಮಗಾ.

ಆಮೇಲೆ ತಟ್ಟೆ ಅಲ್ಲೇ ಇಟ್ಟೆ. ಹಿತ್ತಿಲ ಬಾಗಿಲಿನಿಂದ ಹೆದ್ದಾರಿಗೆ ಓಡಿದೆ. ಅವಳು ಬಸ್ಸಿಗೆ ಕಾಯುತ್ತ ಕುಳಿತಿದ್ದಳು. ಹೆಸರು ಜಲಜ, ಶಿರೂರಿನವಳು, ಗಂಡ ದುಬೈಯಲ್ಲಿ. ನಾನು ಅನಿಷಾನ ಅಮ್ಮ ಎಂದೆ. ಅವಳು ಒಂದೂ ಕೆಟ್ಟ ಮಾತಾಡಲಿಲ್ಲ, ಎದ್ದು ನಿಂತಳು. ಅಮಾನತಾದ ಮೇಲೆ ನೀನು ಊರಿಗೆ ಬಂದಿರಬಹುದೆಂದು ಹುಡುಕಿಕೊಂಡು ಬಂದಿದ್ದಳಂತೆ.

“ಬಸ್ರಿ ಆದ್ರೆ ವಿಮಾನ ಹತ್ತುಕಾಗ, ಆದ್ರೆ ಕೆಲ್ಸ ಹೋತಿಲ್ಲೆ, ಕೆಳ್ಗ್ ಆಫೀಸಗೆ ಕೆಲ್ಸ ಕೊಡ್ಕ್ ಅಂದೇಳಿ ಯೂನಿಯನ್ ಒಪ್ಪಂದದಗೇ ಇತ್ತಂಬ್ರ್. ನಮ್ಗದು ಅನಿಷಕ್ಕ ಓದಿ ಹೇಳ್ದ್ ಮೇಲೇ ಗೊತ್ತಾದ್ದ್. ಈಗ ನಂಗ್ ರಾಜೀನಾಮಿ ಕೊಡ್ ಅಂತಿದ್ರ್,” ಎಂದಳು. ನೀನು ಹುಡುಗಿಯರನ್ನು ಕೋಣೆಯಲ್ಲಿ ಕೂರಿಸಿಕೊಂಡು, ಬಸುರಿಯಾದರೂ ಕೆಲಸದಿಂದ ತೆಗೆಯುವ ಹಾಗಿಲ್ಲ, ಎಷ್ಟು ಹೊತ್ತು ದುಡಿದರೆ ಎಷ್ಟು ವಿಶ್ರಾಂತಿ ಕೊಡಬೇಕು, ಯಾವುದಕ್ಕೆ ಸಹಿ ಹಾಕಬಾರದು ಎಂದೆಲ್ಲ ಬಿಡಿಸಿ ಹೇಳುತ್ತಿದ್ದೆಯಂತೆ.

“ಇಷ್ಟೇಯಾ ಅವ್ಳ್ ಮಾಡದ್ದ್?” ಎಂದು ಕೇಳಿದೆ. ನಾನು ಯಾಕೆ ಹಾಗೆ ಕೇಳಿದೆನೆಂದು ಅವಳಿಗೆ ತಿಳಿಯಲಿಲ್ಲ. ತಿಳಿಸುವ ಮುಖ ನನಗಿರಲಿಲ್ಲ.

ಅವಳ ಕೈ ಹಿಡಿದು ಎದುರಿನ ಬಾಗಿಲಿನಿಂದಲೇ ಕರೆತಂದೆ. ನೆಂಟರ ಮುಂದೆಯೇ, ಇವಳು ನಮ್ಮ ಅನಿಷಾನ ಒಟ್ಟಿಗಿನವಳು, ಅನಿಷಾ ಕೆಲಸ ಬಿಟ್ಟದ್ದಲ್ಲ, ಇಂಥವರಿಗೆ ಅವರ ಹಕ್ಕು ತಿಳಿಸಿದ್ದಕ್ಕೆ ಅಮಾನತು ಮಾಡಿದ್ದು ಎಂದೆ. ಅವರು ಕಾಫಿ ಅರ್ಧ ಬಿಟ್ಟು ಎದ್ದರು. ಹೋಗಲಿ. ಅಪ್ಪಯ್ಯ ಕಡಲ ಕಡೆ ಹೋದವರು ಕತ್ತಲಾದ ಮೇಲೆ ಬಂದರು, ಉಣ್ಣಲಿಲ್ಲ. ಜಲಜಳನ್ನು ರಾತ್ರಿ ನಮ್ಮಲ್ಲೇ ಉಳಿಸಿಕೊಂಡೆ.

ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ. ಅಷ್ಟು ಸಣ್ಣ ಮಾತಿಗೆ ಮುಗಿಯುವುದಲ್ಲ ಇದು. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಹರಸುವ ಯೋಗ್ಯತೆ ಉಳಿದಿದ್ದರೆ, ನಿನಗೆ ಒಳ್ಳೆಯದಾಗಲಿ.

ನಿನ್ನ ಅಮ್ಮ,
ಗುಲಾಬಿ

ತಾ.ಕ.: ಬಸ್ಸಿಗೆ ಹೊತ್ತಾಯಿತು. ಈ ಪತ್ರ ಜಲಜಳ ಕೈಯಲ್ಲೇ ಬರುತ್ತದೆ. ಮಂಗಳವಾರ ಕಂಪೆನಿಯವರು ಅವಳನ್ನು ವಿಚಾರಣೆಗೆ ಕರೆದಿದ್ದಾರೆ, ಒಬ್ಬಳೇ ಮಾತಾಡಲು ಹೆದರುತ್ತಾಳೆ, ಏನೇನು ಹೇಳಬೇಕೆಂದು ಕಲಿಸಿಕೊಡು. “ಬಸ್ರಿ ಹೆಂಗ್ಸ್ ಒಬ್ಳೇ ಹ್ಯಾಂಗ್ ಹೋಪುದ್” ಎಂದು ಅಪ್ಪಯ್ಯ ಈಗಷ್ಟೇ ಅಂಗಿ ಹಾಕಿಕೊಂಡು ಅವಳ ಜತೆ ಹೊರಟು ನಿಂತಿದ್ದಾರೆ. ಮೇಲೆ ಬರಲು ಮುಖವಿಲ್ಲವಂತೆ, ಚಿಕ್ಕಮ್ಮನ ಕಟ್ಟಡದ ಕೆಳಗೇ ನಿಲ್ಲುತ್ತಾರಂತೆ. ನಿನಗೆ ಮನಸ್ಸಾದರೆ ಇಳಿದು ಹೋಗಿ ಕರೆ.